ಮಷೀನಿಗೆ ಟೈಮ್ ಹೇಳಿದ್ದು ಯಾರು?

ಏಪ್ರಿಲ್ 15, 2025, ಮಂಗಳವಾರ

ಇವತ್ತು ಸಹಿ ಹಾಕಿದೆ. ಎರಡು ಸಲ ಯೋಚಿಸಲಿಲ್ಲ. ಯೋಚಿಸಲು ಕಾರಣವೂ ಇಲ್ಲ.

ಎಂಟನೇ ತಾರೀಕು ಮಧ್ಯಾಹ್ನ ಶಿರಸಿ-ಯಲ್ಲಾಪುರ ರಸ್ತೆಯ ಮಂಚಿಕೇರಿ ಹತ್ತಿರದ ಚನ್ನಯ್ಯ ಎಂಬ ಹಿರಿಯರಿಗೆ ಎದೆನೋವು ಬಂತು. ಮಗ ಗೋವಿಂದ ಆಂಬ್ಯುಲೆನ್ಸ್ ಟ್ರಸ್ಟಿನ ಶಿರಸಿ ಆಫೀಸಿಗೆ ಫೋನ್ ಮಾಡಿದ್ದು 1:42ಕ್ಕೆ. ಶಿರಸಿಯ ಎರಡೂ ಗಾಡಿ ಹೊರಗಿದ್ದವು. ಹಾಗಾಗಿ ಆಗಿಂದಾಗಲೇ ಯಲ್ಲಾಪುರದ ಆಫೀಸಿಗೆ ತಿಳಿಸಿದರು. ಯಲ್ಲಾಪುರದ ಗಾಡಿ ಹೊರಟದ್ದು 2:03ಕ್ಕೆ. ಇಪ್ಪತ್ತೊಂದು ನಿಮಿಷ ಡ್ರೈವರ್ ಏನು ಮಾಡುತ್ತಿದ್ದ? ಗಾಡಿ ಶಿರಸಿಯ ಆಸ್ಪತ್ರೆ ಮುಟ್ಟಿದ್ದು 3:10ಕ್ಕೆ. ಅಷ್ಟರೊಳಗೆ ಚನ್ನಯ್ಯ ದಾರಿಯಲ್ಲೇ ತೀರಿಕೊಂಡಿದ್ದರು.

ಟ್ರಸ್ಟಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರು ಕಡೆ ಆಫೀಸು. ಮೂರರಲ್ಲೂ ಓಡುವ ಪ್ರೋಗ್ರಾಂ ಬರೆದವಳು ನಾನು. ಫೋನ್ ಬಂತು, ಗಾಡಿ ಹೊರಟಿತು, ಗಾಡಿ ಮುಟ್ಟಿತು, ಹೀಗೆ ಒಂದೊಂದಕ್ಕೂ ಒಂದು ಬಟನ್. ಹೊರಟದ್ದನ್ನು ಹೊರಟ ಊರಿನ ಆಫೀಸಿನವರು ಒತ್ತುತ್ತಾರೆ, ಮುಟ್ಟಿದ್ದನ್ನು ಮುಟ್ಟಿದ ಊರಿನವರು. ಒತ್ತಿದ ಕೂಡಲೇ ಲಾಗ್‌ನಲ್ಲಿ ಒಂದು ಸಾಲು ಬೀಳುತ್ತದೆ, ಸಾಲಿನ ಮೊದಲಲ್ಲಿ ಟೈಮ್. ಲಾಗ್ ಎಂದರೆ ಕಂಪ್ಯೂಟರಿನ ದಿನಚರಿ. ನನ್ನ ದಿನಚರಿಯಂತೆ ಮನಸ್ಸು ಬಂದ ದಿನ ಬರೆದು ಬಾರದ ದಿನ ಬಿಡುವ ಜಾತಿಯದಲ್ಲ.

ಡ್ರೈವರ್ ಇಸಾಕ್ ಎಂಬುವನು, ಮೂರೇ ನಿಮಿಷದಲ್ಲಿ ಹೊರಟೆ ಅನ್ನುತ್ತಾನಂತೆ. ಅನ್ನದೆ ಏನು ಮಾಡಿಯಾನು? ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ಎಲ್ಲೋ ಚಹಾ ಕುಡಿಯುತ್ತಾ ಪಟ್ಟಾಂಗ ಹೊಡೆಯುತ್ತಿದ್ದಿರಬೇಕು.

ಉಲ್ಲಾಸ ಬೆಳಿಗ್ಗೆಯೇ ಒಂದು ಕಾಗದ ಟೈಪ್ ಮಾಡಿ ಇಟ್ಟಿದ್ದ. ಶಿರಸಿಯ ನಮ್ಮ ಮೂರು ಜನರ ಸಾಫ್ಟ್‌ವೇರ್ ಅಂಗಡಿಯ ಯಜಮಾನ ಅವನು. ನನಗಿಂತ ಒಂದು ವರ್ಷ ಚಿಕ್ಕವನು, ಆದ್ದರಿಂದ ಯಜಮಾನನೆಂದು ಬಗ್ಗುವ ಅಭ್ಯಾಸ ನನಗಿಲ್ಲ.

"ದೇವೀ, ಟ್ರಸ್ಟಿನವರು ಸರ್ಟಿಫಿಕೇಟ್ ಕೇಳ್ತಿದಾರೆ ಮಾರಾಯ್ತಿ. ಲಾಗ್‌ನಲ್ಲಿ ತಪ್ಪಿಲ್ಲ ಅಂತ. ಬರೆದವಳು ನೀನು, ನೀನೇ ಸಹಿ ಹಾಕಿದ್ರೆ ಒಳ್ಳೇದು."

ಹಾಕಿದೆ, ದಪ್ಪ ಅಕ್ಷರದಲ್ಲಿ. ಸಿದ್ದಾಪುರದ ಹೈಸ್ಕೂಲಿನಲ್ಲಿ ಬೈರನ ಮಗಳಿಗೆ ಕಂಪ್ಯೂಟರ್ ಯಾಕೆ ಅಂದವರೆಲ್ಲ ಬಂದು ಓದಲಿ.

ಏಪ್ರಿಲ್ 17, ಗುರುವಾರ

ಡ್ರೈವರನ ಕೈಯಿಂದ ಗಾಡಿ ಕೀ ಇಸಿದುಕೊಂಡರಂತೆ. ಮುಂದಿನ ತಿಂಗಳು ಟ್ರಸ್ಟಿನ ಸಭೆ ಕೂತು ಪೂರ್ತಿ ತೆಗೆಯುವುದೋ ಬಿಡುವುದೋ ತೀರ್ಮಾನ. ತೆಗೆಯಲಿ. ಒಬ್ಬರ ಜೀವ ಹೋಗಿದೆ.

ಏಪ್ರಿಲ್ 21, ಸೋಮವಾರ

ಇವತ್ತು ತಲೆ ಕೆಟ್ಟಿದೆ.

ಹನ್ನೊಂದು ಗಂಟೆಗೆ ಒಬ್ಬ ಹೆಂಗಸು ಅಂಗಡಿಗೆ ಬಂದಳು. ಐವತ್ತರ ಆಸುಪಾಸು, ಕಪ್ಪು ಬುರ್ಖಾ, ಕೈಯಲ್ಲಿ ಕೊಡೆ. "ನಾನು ಜೈನಾಬ್. ಇಸಾಕ್ ಅವರ ಮನೆಯವಳು," ಎಂದಳು. ಅಳುತ್ತಾಳೆ, ಕೈ ಮುಗಿಯುತ್ತಾಳೆ ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡು ಕೂತೆ. ಅವಳು ಎರಡೂ ಮಾಡಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, "ಆ ಟೈಮ್ ಬರೆದಿರೋದನ್ನ ಒಂದ್ಸಲ ಕಣ್ಣಿಂದ ನೋಡಬೇಕು," ಎಂದಳು.

ತೋರಿಸಿದೆ. 2:03, ಯಲ್ಲಾಪುರ, ಗಾಡಿ ಹೊರಟಿತು. ಅವಳು ಪರದೆಯ ಹತ್ತಿರ ಮುಖ ತಂದು ಓದಿದಳು.

"ಇದು ತಪ್ಪಾಗಲ್ವಾ?"

"ಇಲ್ಲ. ಬಟನ್ ಒತ್ತಿದ ಕ್ಷಣವೇ ಬರೆದುಕೊಳ್ಳತ್ತೆ. ಯಾರಿಗೂ ತಿದ್ದಲಿಕ್ಕೂ ಬರಲ್ಲ."

"ಒತ್ತಿದ್ದು ಗೊತ್ತಾಗತ್ತೆ, ಸರಿ. ಆಗ ಎಷ್ಟು ಗಂಟೆ ಅಂತ ನಿಮ್ಮ ಮಷೀನಿಗೆ ಹೇಳೋರು ಯಾರು?"

"ಅದಕ್ಕೇ ಗೊತ್ತಿರತ್ತೆ," ಎಂದೆ.

"ಹೌದಾ," ಎಂದಳು. ಅವಳ ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು, ನಾನೂ ಎರಡು ಮಾತು ಆಡುತ್ತಿದ್ದೆ. "ಅವರು ಊಟ ಬಿಟ್ಟಿದಾರೆ. ಮನೇಲಿ ಯಾರ ಹತ್ರಾನೂ ಮಾತಾಡಲ್ಲ. ನೀವು ಓದಿದವರು, ಸುಳ್ಳು ಬರೆಯಲ್ಲ ಅಂತ ನನಗೂ ಗೊತ್ತು. ಬರ್ತೇನೆ ಅಕ್ಕಾ." ನನಗಿಂತ ಹದಿನೈದು ವರ್ಷ ದೊಡ್ಡವಳು ನನ್ನನ್ನು ಅಕ್ಕಾ ಎಂದು ಕರೆದು ಹೋದಳು.

ಎಂಥ ಪ್ರಶ್ನೆ! ಮಷೀನಿಗೆ ಟೈಮ್ ಹೇಳೋರು ಯಾರಂತೆ. ಹನ್ನೆರಡು ವರ್ಷದ ಕೆಲಸದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿಲ್ಲ.

ಏಪ್ರಿಲ್ 22, ಮಂಗಳವಾರ

ಕೋಡ್ ತೆಗೆದು ನೋಡಿದೆ. ಅನುಮಾನದಿಂದ ಅಲ್ಲ, ಆ ಹೆಂಗಸಿಗೆ ಸರಿಯಾದ ಉತ್ತರ ಕೊಡಲಿಲ್ಲ ಎಂಬ ಸಿಟ್ಟಿನಿಂದ.

ಲಾಗ್ ಬರೆಯುವ ಭಾಗ ನನ್ನದಲ್ಲ, ಲೋಕವೆಲ್ಲ ಬಳಸುವ ಒಂದು ಲೈಬ್ರರಿ, ಅಂದರೆ ಯಾರೋ ಬರೆದಿಟ್ಟ ಸಿದ್ಧ ಕೋಡ್. ಅದರಲ್ಲಿ ಗಡಿಯಾರಕ್ಕೆಂದು ಒಂದು ಜಾಗ ಬಿಟ್ಟಿದ್ದಾರೆ. ನಮಗೆ ಬೇಕಾದ ಗಡಿಯಾರವನ್ನು ಅಲ್ಲಿ ಕೂರಿಸಬಹುದು. ಏನೂ ಕೂರಿಸದಿದ್ದರೆ ಆ ಕಂಪ್ಯೂಟರಿನಲ್ಲಿ ಎಷ್ಟು ಗಂಟೆ ಇದೆಯೋ ಅದನ್ನೇ ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತದೆ.

ನಾನು ಏನೂ ಕೂರಿಸಿಲ್ಲ. ಯಾರೂ ಕೂರಿಸುವುದಿಲ್ಲ. ಅದರಲ್ಲೇನು ತಪ್ಪು?

ಏಪ್ರಿಲ್ 24, ಗುರುವಾರ

ಎರಡು ವರ್ಷದ ಲಾಗ್ ಪೂರ್ತಿ ಇಳಿಸಿಕೊಂಡು ಒಂದು ಸಣ್ಣ ಲೆಕ್ಕ ಹಾಕಿದೆ. ಗಾಡಿ ಒಂದು ಊರಿನಿಂದ ಹೊರಟು ಇನ್ನೊಂದು ಊರು ಮುಟ್ಟಲು ಎಷ್ಟು ಹೊತ್ತು?

ಸಿದ್ದಾಪುರದಿಂದ ಶಿರಸಿಗೆ ಐವತ್ತೈದು ನಿಮಿಷ, ಶಿರಸಿಯಿಂದ ಸಿದ್ದಾಪುರಕ್ಕೂ ಐವತ್ತೈದು. ಸರಿ ಇದೆ. ಯಲ್ಲಾಪುರದಿಂದ ಶಿರಸಿಗೆ ಐವತ್ತೆರಡು. ವಾಪಸು ಹೋಗಲು ಎಂಬತ್ತೆಂಟು.

ಮೊದಲು ನಗು ಬಂತು. ಅದೇ ರಸ್ತೆ, ಅದೇ ಗುಂಡಿ, ಅದೇ ಗಾಡಿ. ಬರುವಾಗ ಹಾರಿ ಬಂದು ಹೋಗುವಾಗ ತೆವಳಿಕೊಂಡು ಹೋಗುತ್ತದೆಯೇ? ಖಾಲಿ ಗಾಡಿ ನಿಧಾನ ಹೋಗುತ್ತದೆ, ರೋಗಿ ಇದ್ದಾಗ ಜೋರು ಬರುತ್ತದೆ ಎಂದು ಸಮಾಧಾನ ಹೇಳಿಕೊಂಡೆ. ಹಾಗಿದ್ದರೆ ಸಿದ್ದಾಪುರದ ಗಾಡಿಗೆ ಆ ಬುದ್ಧಿ ಯಾಕೆ ಬರಲಿಲ್ಲ?

ತಿಂಗಳು ತಿಂಗಳಾಗಿ ಬಿಡಿಸಿ ನೋಡಿದೆ. ಕಳೆದ ವರ್ಷ ಆಗಸ್ಟ್ ಎರಡನೇ ವಾರದವರೆಗೆ ಯಲ್ಲಾಪುರದ್ದೂ ಹೋಗಲು ಎಪ್ಪತ್ತು, ಬರಲು ಎಪ್ಪತ್ತು. ಅಲ್ಲಿಂದ ಈಚೆಗೆ ಒಂದು ಕಡೆ ಹದಿನೆಂಟು ಕಡಿಮೆ, ಇನ್ನೊಂದು ಕಡೆ ಹದಿನೆಂಟು ಜಾಸ್ತಿ.

ಇಪ್ಪತ್ತೊಂದರಲ್ಲಿ ಹದಿನೆಂಟು ಕಳೆದರೆ ಮೂರು.

ನನಗೆ ಊಟ ಸೇರಲಿಲ್ಲ. ಪಲ್ಯ ಉಪ್ಪಾಗಿತ್ತು.

ಏಪ್ರಿಲ್ 26, ಶನಿವಾರ

ಬೆಳಗಿನ ಬಸ್ಸಿಗೆ ಯಲ್ಲಾಪುರಕ್ಕೆ ಹೋಗಿ ಬಂದೆ. ಉಲ್ಲಾಸನಿಗೆ ತಲೆನೋವು ಎಂದು ಹೇಳಿ ರಜೆ ಹಾಕಿದ್ದೆ. ಸುಳ್ಳೇನೂ ಅಲ್ಲ.

ಅಲ್ಲಿನ ಆಫೀಸು ನೋಡಿಕೊಳ್ಳುವವರು ದ್ಯಾವಮ್ಮ. ಫೋನ್ ಎತ್ತುವುದು, ಬಟನ್ ಒತ್ತುವುದು, ಕಸ ಗುಡಿಸುವುದು ಎಲ್ಲ ಅವರೇ. ಮುಂಡಗೋಡ ಕಡೆಯವರು, ಮಾತು ಆ ಕಡೆಯದು. "ಬಾ ತಂಗಿ, ಬಿಸಿಲಾಗ ಬಂದಿ," ಎಂದು ತಂಬಿಗೆ ನೀರು ಕೊಟ್ಟರು. ನೀರು ಕುಡಿಯುತ್ತಾ ಗೋಡೆ ನೋಡಿದೆ. ಗಡಿಯಾರದಲ್ಲಿ ಹನ್ನೊಂದೂ ಐದು. ನನ್ನ ಮೊಬೈಲಿನಲ್ಲಿ ಹತ್ತೂ ನಲವತ್ತೇಳು.

"ದ್ಯಾವಮ್ಮ, ಆ ಗಡಿಯಾರ ಮುಂದಿದೆ."

"ಹೂಂ, ಹದಿನೆಂಟು ನಿಮಿಷ. ನಾನ ಇಟ್ಟಿದ್ದು. ಹ್ವಾದ ವರ್ಷ ನನ್ನ ಸಂಜಿ ಬಸ್ಸಿನ ಟೈಮ್ ಬದಲಾತು, ನಾಕ್ ದಿನ ಬಸ್ ತಪ್ಪಿಸಿಕೊಂಡೆ. ಗಡಿಯಾರ ಮುಂದಿದ್ರ ಮನಸಿಗೆ ಅವಸರ ಬರತೈತಿ. ಡ್ರೈವರ್ ಮಂದಿನೂ ಡ್ಯೂಟಿಗೆ ಹೊತ್ತಿಗೆ ಸರಿಯಾಗಿ ಬರಾಕ ಹತ್ತಿದ್ರು."

"ಎಲ್ಲರಿಗೂ ಗೊತ್ತಾ ಇದು?"

"ಎಲ್ಲಾರಿಗೂ ಗೊತ್ತೈತಿ. ಹದಿನೆಂಟು ಕಳದು ನೋಡ್ತಾರ."

ನಮ್ಮ ಸಿದ್ದಾಪುರದ ಮನೆಯಲ್ಲೂ ಹಾಗೆಯೇ ಇತ್ತು. ಗೋಡೆಯ ಗಡಿಯಾರ ಹತ್ತು ನಿಮಿಷ ಮುಂದೆ, ಬಸ್ಸಿನ ಸಲುವಾಗಿ. ಈ ಸೀಮೆಯಲ್ಲಿ ಯಾವ ಮನೆ, ಯಾವ ಅಂಗಡಿಯ ಗಡಿಯಾರ ಸರಿ ಇದೆ ಹೇಳಿ ನೋಡೋಣ. ಅದರಲ್ಲಿ ಕಳೆಯುವುದನ್ನು ಮಕ್ಕಳು ಮಗ್ಗಿಗಿಂತ ಮೊದಲು ಕಲಿಯುತ್ತಾರೆ.

ಗಡಿಯಾರ ಗೋಡೆಯಲ್ಲಿತ್ತು. ಕಂಪ್ಯೂಟರಿಗೆ ಅದು ಹೇಗೆ ಹೋಯಿತು? ಕೇಳಬೇಕಾಗಲಿಲ್ಲ. ಮಾನಿಟರಿನ ಅಂಚಿಗೆ ಸೆಲ್ಲೋಟೇಪಿನಲ್ಲಿ ಅಂಟಿಸಿದ ಒಂದು ಹಳದಿಯಾದ ಕಾಗದ ಇತ್ತು. ಅಕ್ಷರ ನನ್ನದೇ. "ಕರೆಂಟ್ ಹೋಗಿ ಬಂದರೆ: 1. ಕಂಪ್ಯೂಟರ್ ಆನ್ ಮಾಡಿ. 2. ಗೋಡೆಯ ಗಡಿಯಾರ ನೋಡಿ ತಾರೀಕು, ಟೈಮ್ ಸರಿ ಮಾಡಿ. 3. ಆಮೇಲೆ ಪ್ರೋಗ್ರಾಂ ತೆರೆಯಿರಿ. — ದೇವಿ."

ನೆನಪಾಯಿತು. ಈ ಕಂಪ್ಯೂಟರಿನ ಒಳಗಿನ ಸೆಲ್ಲು ಸತ್ತಿದೆ, ಕರೆಂಟ್ ಹೋದಾಗಲೆಲ್ಲ ಹಳೇ ತಾರೀಕಿಗೆ ಹೋಗಿ ಕೂರುತ್ತದೆ. ತಾರೀಕು ತಪ್ಪಿದರೆ ನನ್ನ ಪ್ರೋಗ್ರಾಂ ತೆರೆಯುವುದಿಲ್ಲ. ಇಲ್ಲಿ ನೆಟ್ ದಿನಕ್ಕೆ ಹತ್ತು ಸಲ ಹೋಗುತ್ತದೆಂದು, ನೆಟ್‌ನಿಂದ ತಾನಾಗಿ ಟೈಮ್ ಸರಿ ಮಾಡಿಕೊಳ್ಳುವುದನ್ನು ನಾನೇ ಬಂದ್ ಮಾಡಿದ್ದೆ. ಒಂದು ಸೆಲ್ಲು ಹಾಕಿಸುವ ಬದಲು ಒಂದು ಕಾಗದ ಬರೆದು ಅಂಟಿಸಿ ಬಂದೆ. ಆಗ ನನಗೆ ಶಿರಸಿ ಬಸ್ಸಿಗೆ ಅವಸರ ಇತ್ತು.

"ಕಂಪ್ಯೂಟರಿಗೂ ಇದೇ ಟೈಮ್ ಹಾಕ್ತಿದ್ರಾ?"

"ನೀನ ಬರದೀಯಲ್ಲ ತಂಗಿ, ಗ್ವಾಡಿ ಗಡಿಯಾರ ನೋಡಿ ಅಂತ. ಅಷ್ಟು ಬುದ್ಧಿ ಇರೋ ಮಷೀನು, ತಾನ ಕಳಕೊಂತೈತಿ ಅನ್ಕೊಂಡಿದ್ದೆ." ಆಮೇಲೆ ಅವರೇ ದನಿ ಇಳಿಸಿದರು. "ಅವತ್ತು ಇಸಾಕಣ್ಣ ಓಡೇ ಹ್ವಾದ. ನಾ ನೋಡೀನಿ. ಆದ್ರ ಕಾಗದದಾಗ ಇಪ್ಪತ್ತೊಂದು ಅಂತ ಬಂದಾಗ, ನಾನ ಬಟನ್ ತಡಾ ಮಾಡಿ ಒತ್ತಿದ್ನೇನೋ ಅಂತ ಹೆದರಿ ಬಾಯಿ ಮುಚಗೊಂಡೆ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದಿತಂತೆ ನನ್ನ ಪ್ರೋಗ್ರಾಂ. ಅದಕ್ಕೆ ನಾನು ದಪ್ಪ ಅಕ್ಷರದಲ್ಲಿ ಸಹಿ ಹಾಕಿದ್ದೇನೆ.

ಏಪ್ರಿಲ್ 27, ಭಾನುವಾರ

ಬಟ್ಟೆ ಒಗೆದೆ. ಇಸ್ತ್ರಿ ಮಾಡಿದೆ. ಒಗೆದದ್ದನ್ನೇ ಮತ್ತೆ ಒಗೆದೆ.

ಏಪ್ರಿಲ್ 28, ಸೋಮವಾರ

ಉಲ್ಲಾಸನ ಎದುರು ಎಲ್ಲ ಇಟ್ಟೆ. ಲೆಕ್ಕ, ಗಡಿಯಾರದ ಫೋಟೋ, ನನ್ನ ಕಾಗದದ ಫೋಟೋ.

ಅವನು ತುಂಬಾ ಹೊತ್ತು ನೋಡಿದ. ಆಮೇಲೆ, "ಇದನ್ನ ಯಾರಿಗೆ ತೋರಿಸಿದ್ದೀಯ?" ಎಂದ.

"ನಿನಗೇ ಮೊದಲು."

"ಸರಿ. ಹಾಗಾದ್ರೆ ಕೇಳು. ಯಲ್ಲಾಪುರಕ್ಕೆ ಹೋಗಿ ಸದ್ದಿಲ್ಲದೆ ಸೆಲ್ಲು ಹಾಕು, ಟೈಮ್ ಸರಿ ಮಾಡು. ಡ್ರೈವರಿಗೆ ಬೇರೆ ಕಡೆ ಒಂದು ಕೆಲಸ ನಾನೇ ನೋಡಿ ಕೊಡಿಸ್ತೇನೆ. ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು."

"ಅವರು ಏನೂ ತಪ್ಪು ಮಾಡಿಲ್ಲ ಉಲ್ಲಾಸ. ಬೇರೆ ಕಡೆ ಕೆಲಸ ಯಾಕೆ?"

"ನೀನು ಕೊಟ್ಟ ಸರ್ಟಿಫಿಕೇಟ್ ಸುಳ್ಳು ಅಂತ ಆದ್ರೆ ನಾಳೆ ನಮ್ಮ ಅಂಗಡಿ ಮೆಟ್ಟಿಲು ಯಾರು ಹತ್ತುತಾರೆ? ಎಲ್ಲರೂ ಕಂಪ್ಯೂಟರ್ ಗಡಿಯಾರಾನೇ ತಗೊಳ್ಳೋದು. ಇದು ನಿನ್ನ ತಪ್ಪಾ, ಆ ಅಮ್ಮನ ತಪ್ಪಾ?"

"ನನ್ನದು. ಅವರು ನಾನು ಬರೆದ ಹಾಗೇ ಮಾಡಿದಾರೆ."

"ದೇವೀ, ಹಟ ಬೇಡ."

"ನನ್ನ ಹಟ ನಿನಗೆ ಇವತ್ತು ಗೊತ್ತಾಗಿದ್ದಾ?"

ಉಲ್ಲಾಸನಿಗೆ ಸಿಟ್ಟು ನೆತ್ತಿಗೇರಿದರೆ ಮನೆಯ ಹವ್ಯಕ ಮಾತು ಬಾಯಿಗೆ ಬರುತ್ತದೆ. "ಆನು ಇದ್ರಲ್ಲಿ ಇಲ್ಲೆ!" ಎಂದು ಮೇಜು ಕುಟ್ಟಿ ಎದ್ದು ಹೋದ. ಅವನು ಕೆಟ್ಟವನಲ್ಲ. ಮೂರು ಜನರ ಅನ್ನ ಅವನ ತಲೆ ಮೇಲಿದೆ. ಆದರೂ ಮಧ್ಯಾಹ್ನ ಟ್ರಸ್ಟಿನ ಅಧ್ಯಕ್ಷರಿಗೆ ಎಲ್ಲವನ್ನೂ ಮೇಲ್ ಮಾಡಿದೆ. ಕೊನೆಯ ಸಾಲು: "ಏಪ್ರಿಲ್ 15ರಂದು ನಾನು ಕೊಟ್ಟ ಸರ್ಟಿಫಿಕೇಟನ್ನು ಹಿಂದಕ್ಕೆ ಪಡೆಯುತ್ತೇನೆ."

ನಾನು ಮೊದಲಿನಿಂದಲೂ ಹೀಗೆಯೇ. ಸರಿ ಕಂಡದ್ದನ್ನು ಬಿಡುವವಳಲ್ಲ.

ಮೇ 2, ಶುಕ್ರವಾರ

ಅಧ್ಯಕ್ಷರಿಂದ ಒಂದೇ ಸಾಲಿನ ಉತ್ತರ: ಎಂಟನೇ ತಾರೀಕು ಸಭೆಗೆ ಬನ್ನಿ. ಅಷ್ಟರೊಳಗೆ ಕೈಕಟ್ಟಿ ಕೂರುವವಳು ನಾನಲ್ಲ. ತಪ್ಪಾಗಿದೆ ಎಂದು ಹೇಳಲು ಬಾಯಿ ಸಾಕು, ಇನ್ನು ಮುಂದೆ ಆಗುವುದಿಲ್ಲ ಎನ್ನಲು ಕೆಲಸ ಬೇಕು.

ಗಡಿಯಾರದ ಖಾಲಿ ಜಾಗಕ್ಕೆ ನನ್ನದೇ ಗಡಿಯಾರ ಕೂರಿಸಲು ಹೊರಟೆ. ಮೊದಲು ಶಿರಸಿಯ ಕಂಪ್ಯೂಟರಿನಿಂದ ಟೈಮ್ ತರಿಸೋಣ ಎಂದುಕೊಂಡೆ. ನೆಟ್ ಹೋದರೆ ಅದೂ ಹೋಯಿತು. ಆಮೇಲೆ ಉಪಗ್ರಹದಿಂದ ಟೈಮ್ ಹಿಡಿಯುವ ಒಂದು ಸಣ್ಣ ಡಬ್ಬಿ ತರಿಸಿದೆ, ಬೆಂಕಿಪೊಟ್ಟಣದಷ್ಟಿದೆ. ಕಿಟಕಿ ಸರಳಿಗೆ ಕಟ್ಟಿದರೆ ಆಕಾಶ ನೋಡಿಕೊಂಡು ಸರಿಯಾದ ಟೈಮ್ ಹೇಳುತ್ತದೆ. ನೆಟ್ ಬೇಡ, ಗೋಡೆ ಬೇಡ.

ಹಾಕಿದೆ. ಮಧ್ಯಾಹ್ನ ಎರಡೂವರೆಗೆ ಲಾಗ್ ಬೆಳಿಗ್ಗೆ ಒಂಬತ್ತು ಅಂತ ಬರೆಯಿತು. ಡಬ್ಬಿ ಕೆಟ್ಟಿದೆಯೇನೋ ಎಂದು ಕಳಚಿ ಮತ್ತೆ ಹಾಕಿದೆ. ಆಮೇಲೆ ನಾನೇ ನಕ್ಕೆ. ಉಪಗ್ರಹಕ್ಕೆ ನಮ್ಮ ದೇಶದ ಐದೂವರೆ ಗಂಟೆ ಗೊತ್ತಿಲ್ಲ, ಅದನ್ನು ನಾವೇ ಕೂಡಿಸಬೇಕು.

ಕೂಡಿಸಿದೆ. ಆದರೂ ಪ್ರೋಗ್ರಾಂ ತೆರೆದಾಗಿನ ಮೊದಲ ಏಳು ಸಾಲು ಹಳೇ ಗಡಿಯಾರದ್ದೇ ಬೀಳುತ್ತಿದೆ. ಯಾಕೆ? ಸಂಜೆವರೆಗೂ ಸಿಕ್ಕಲಿಲ್ಲ.

ಮೇ 5, ಸೋಮವಾರ

ಸಿಕ್ಕಿತು! ಲಾಗ್ ಬರೆಯುವುದು ಮೊದಲು ಶುರುವಾಗಿ ನನ್ನ ಗಡಿಯಾರ ಆಮೇಲೆ ಕೂರುತ್ತಿತ್ತು. ಮೊದಲ ಅಕ್ಷರ ಬರೆಯುವ ಮುಂಚೆಯೇ ಗಡಿಯಾರ ಯಾವುದೆಂದು ಹೇಳಬೇಕು. ಒಂದು ಸಾಲನ್ನು ಮೇಲಕ್ಕೆ ತಂದೆ, ಅಷ್ಟೇ.

ಇನ್ನೊಂದು ಕೆಲಸವನ್ನೂ ಮಾಡಿದೆ. ಮರ ಅಡ್ಡವಾಗಿಯೋ ಮತ್ತಾವುದೋ ಕಾರಣಕ್ಕೋ ಉಪಗ್ರಹ ಸಿಗದೇ ಹೋದರೆ ಏನು ಮಾಡುವುದು? ಕಂಪ್ಯೂಟರಿನ ಟೈಮ್ ತೆಗೆದುಕೋ ಎನ್ನುವುದು ಎಲ್ಲರ ಪದ್ಧತಿ. ನಾನು ಹಾಗೆ ಮಾಡಲಿಲ್ಲ. ಆಗ ಲಾಗ್ "ಸಮಯ ಗೊತ್ತಿಲ್ಲ" ಎಂದು ಬರೆಯಬೇಕು.

ಉಲ್ಲಾಸ ಒಂದು ವಾರದ ನಂತರ ಮೊದಲ ಸಲ ನನ್ನ ಪರದೆ ಇಣುಕಿದ.

"ಎಂತ ಇದು? ಸಮಯ ಗೊತ್ತಿಲ್ಲ ಅಂತ ಬರೆಯೋ ಸಾಫ್ಟ್‌ವೇರ್ ಎಲ್ಲಾದ್ರೂ ಉಂಟಾ? ನಗ್ತಾರೆ ಮಾರಾಯ್ತಿ."

"ನಗಲಿ. ಗೊತ್ತಿಲ್ಲದ್ದನ್ನ ಗೊತ್ತಿದೆ ಅಂತ ಬರೆದ್ರೆ ಯಾರೂ ನಗಲ್ಲ, ಅದೇ ಕಷ್ಟ."

ಅವನು ಸ್ವಲ್ಪ ಹೊತ್ತಿಗೆ ಎರಡು ಚಹಾ ತರಿಸಿದ. ಒಂದನ್ನು ನನ್ನ ಮೇಜಿನ ಮೇಲಿಟ್ಟು ಹೋದ. ಕುಡಿದೆ. ಸೋತೆನೆಂದು ಅರ್ಥವಲ್ಲ.

ಮೇ 8, ಗುರುವಾರ

ಎಲ್ಲವನ್ನೂ ನಡೆದ ಹಾಗೆಯೇ ಬರೆಯುತ್ತೇನೆ.

ಶಿರಸಿ ಆಫೀಸಿನ ಮಾಳಿಗೆಯಲ್ಲಿ ಸಭೆ. ಅಧ್ಯಕ್ಷರು, ನಾಲ್ವರು ಸದಸ್ಯರು. ಒಂದು ಕಡೆ ಗೋವಿಂದ, ತಲೆಗೂದಲು ಇನ್ನೂ ಪೂರ್ತಿ ಬೆಳೆದಿಲ್ಲ. ಇನ್ನೊಂದು ಕಡೆ ಇಸಾಕ್ ಭಾಯ್. ಅವರನ್ನು ನಾನು ನೋಡಿದ್ದು ಇವತ್ತೇ ಮೊದಲು. ಇಷ್ಟು ದಿನ ಹೆಸರು ಮಾತ್ರ. ಬಿಳೀ ಗಡ್ಡ, ಇಸ್ತ್ರಿಯಾದ ಅಂಗಿ, ಕಣ್ಣು ನೆಲದ ಮೇಲೆ. ದ್ಯಾವಮ್ಮನನ್ನು ಬರಬೇಕೆಂದು ನಾನೇ ಫೋನ್ ಮಾಡಿ ಕರೆದಿದ್ದೆ.

ಎದ್ದು ನಿಂತು ಎಲ್ಲ ಹೇಳಿದೆ. ಐವತ್ತೆರಡು, ಎಂಬತ್ತೆಂಟು. ಗೋಡೆಯ ಗಡಿಯಾರ. ನನ್ನ ಕೈಬರಹ. "ತಪ್ಪು ನನ್ನದು. ದ್ಯಾವಮ್ಮನದ್ದಲ್ಲ, ಇವರದ್ದೂ ಅಲ್ಲ. ಗಾಡಿ ಹೊರಟಿದ್ದು 1:45ಕ್ಕೆ."

ಗೋವಿಂದ ಎದ್ದ. "ನೀವು ಲೆಕ್ಕ ಏನು ಬೇಕಾದ್ರೂ ಹೇಳಿ ಮೇಡಂ. ಇವರೇ ಬಂದು ಒಪ್ಕಂಡು ಹೋಗಿದಾರೆ. ಅಪ್ಪನ ಹನ್ನೆರಡನೇ ದಿನದ ಕಾರ್ಯದ ದಿವಸ ನಮ್ಮ ಅಂಗಳಕ್ಕೆ ಬಂದು, ನನ್ನ ಕೈಲಿ ತಡ ಆತು, ಮಾಫ್ ಮಾಡಿ ಅಂತ ಕೈ ಮುಗಿದು ಅತ್ತಿದಾರೆ. ಐವತ್ತು ಜನ ನೋಡಿದಾರೆ."

ನನ್ನ ಲೆಕ್ಕದಲ್ಲಿ ಇದಕ್ಕೆ ಕೋಷ್ಟಕ ಇರಲಿಲ್ಲ.

ಅಧ್ಯಕ್ಷರು ಕೇಳಿದರು. "ಇಸಾಕ್, ನೀವೇ ಹೇಳಿ. ಫೋನ್ ಬಂದ ಮೇಲೆ ಎಷ್ಟು ಹೊತ್ತಿಗೆ ಹೊರಟ್ರಿ?"

ಇಸಾಕ್ ಭಾಯ್ ತಲೆ ಎತ್ತಿದರು. "ಕಾಗದದಲ್ಲಿ ಎಷ್ಟಿದೆ ಸಾಹೇಬ್ರೆ?"

ಸಭೆಯ ಮರ್ಯಾದೆ ಮರೆತು ಕೂಗಿಬಿಟ್ಟೆ. "ಕಾಗದ ಬಿಡಿ ಇಸಾಕ್ ಭಾಯ್! ಕಾಗದ ನನ್ನದು, ಅದು ಸುಳ್ಳು. ನೀವು ಏನು ಮಾಡಿದ್ರಿ ಹೇಳಿ."

"ನನಗೆ ಈಗ ಸರಿಯಾಗಿ ಗೊತ್ತಾಗಲ್ಲ ತಂಗೀ." ಅವರ ದನಿ ತುಂಬ ಸಣ್ಣದಿತ್ತು. "ಫೋನ್ ಬಂದಾಗ ಆಫೀಸಿನ ಹಿಂದೆ ನಮಾಜಿಗೆ ನಿಂತಿದ್ದೆ. ಅರ್ಧಕ್ಕೇ ಬಿಟ್ಟು ಓಡಿದೆ ಅಂತ ಮೊದಲು ನೆನಪಿತ್ತು. ಎಲ್ಲರಿಗೂ ಹಾಗೇ ಹೇಳಿದೆ. ಆಮೇಲೆ ನೀವು ಸಹಿ ಹಾಕಿದ ಕಾಗದ ತೋರಿಸಿದ್ರು. ಓದಿದವರು ಬರೆದಿದ್ದು. ಯೋಚನೆ ಮಾಡ್ತಾ ಮಾಡ್ತಾ, ಪೂರ್ತಿ ಮುಗಿಸಿ ಚಾಪೆ ಮಡಚಿ ಎದ್ದೆ ಅಂತಲೇ ಕಣ್ಣಿಗೆ ಕಾಣೋಕೆ ಶುರುವಾಯ್ತು. ಮಡಚಿದ್ದು ಕೂಡ ನೆನಪಾಗತ್ತೆ. ಅಲ್ಲಾಹನ ಹೆಸರಲ್ಲಿ ಒಬ್ಬರ ಜೀವ ತೆಗೆದೆ ಅಂತ ಆ ಹೊತ್ತಿನ ನಮಾಜೇ ಬಿಟ್ಟಿದೇನೆ."

ಆ ಮನುಷ್ಯನಿಂದ ಕೀ ಇಸಿದುಕೊಂಡದ್ದು ಟ್ರಸ್ಟು. ನೆನಪನ್ನು ಇಸಿದುಕೊಂಡವಳು ನಾನು.

ಆಗ ಮೂಲೆಯಿಂದ ದ್ಯಾವಮ್ಮ. "ಚಾಪಿ ಎಲ್ಲಿ ಮಡಚಿದ್ಯೋ ಇಸಾಕಣ್ಣ? ಚಾಪಿ ಹಾಸಿದ್ದು ಹಾಸಿದಂಗ ಬಿದ್ದಿತ್ತು. ಸಂಜಿಮುಂದ ನಾನ ಸುತ್ತಿ ಇಟ್ಟೀನಿ. ನಿನ್ನ ಚಪ್ಪಲ್ ಸುದ್ದಾ ಅಲ್ಲೇ ಇದ್ವು. ಬರಿಗಾಲಾಗ ಗಾಡಿ ಹತ್ತಿದಿ."

ಇಸಾಕ್ ಭಾಯ್ ತಮ್ಮ ಪಾದಗಳನ್ನೇ ನೋಡಿಕೊಂಡರು. "ಬರಿಗಾಲು," ಎಂದರು. "ಕ್ಲಚ್ ಕಾದಿತ್ತು..."

"ಇದಕ್ಕೆ ಸಾಕ್ಷಿ?" ಎಂದರು ಸದಸ್ಯರೊಬ್ಬರು. "ದ್ಯಾವಮ್ಮ ನಿಮ್ಮದೇ ಆಫೀಸಿನವರು."

ನಾನು ಬಾಯಿ ತೆರೆಯುವುದರಲ್ಲಿದ್ದೆ. ಅಷ್ಟರಲ್ಲಿ ಗೋವಿಂದ ಕುರ್ಚಿಯಲ್ಲಿ ಕುಸಿದು ಕೂತ.

"ಇರಲಿಲ್ಲ," ಎಂದ. "ಇವರ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಆಸ್ಪತ್ರೆ ಅಂಗಳದಲ್ಲಿ ಸ್ಟ್ರೆಚರಿನ ಮುಂದಿನ ತುದಿ ಇವರು ಹಿಡಿದಿದ್ರು, ಹಿಂದಿನದು ನಾನು. ಸಿಮೆಂಟು ಕೆಂಡ ಆಗಿತ್ತು. ಇವರು ಒಂದೊಂದು ಕಾಲನ್ನೂ ಎತ್ತಿ ಎತ್ತಿ ಇಡ್ತಿದ್ರು. ಅಪ್ಪ ಅಲ್ಲಾಡ್ತಾರೆ, ನೆಟ್ಟಗೆ ನಡೀರಿ ಅಂತ ನಾನು ಬೈದಿದ್ದೆ."

ಅವನು ಮುಖ ಮುಚ್ಚಿಕೊಂಡ. ಇಸಾಕ್ ಭಾಯ್ ಎದ್ದು ಹೋಗಿ ಅವನ ಪಕ್ಕದ ಕುರ್ಚಿಯಲ್ಲಿ ಕೂತರು. ಅಧ್ಯಕ್ಷರು ಗಾಡಿ ಕೀ ತರಿಸಿ ಮೇಜಿನ ಮೇಲಿಟ್ಟರು. ಅದನ್ನು ತೆಗೆದುಕೊಳ್ಳಲು ಇಸಾಕ್ ಭಾಯ್‌ಗೆ ಸುಮಾರು ಹೊತ್ತು ಬೇಕಾಯಿತು.

ಮೇ 9, ಶುಕ್ರವಾರ

ನಮ್ಮ ಅಂಗಡಿಗೆ ಟ್ರಸ್ಟಿನಿಂದ ನೋಟೀಸು ಬಂದಿದೆ. ಬೇರೆಯವರನ್ನು ನೋಡಿಕೊಳ್ಳುತ್ತಾರಂತೆ. ಉಲ್ಲಾಸ, "ಬೇಕಾಗಿತ್ತಾ?" ಎಂದ. ಬೇಕಾಗಿತ್ತು ಎಂದೆ. ನನ್ನನ್ನು ಕೆಲಸದಿಂದ ತೆಗೆಯುವುದಾದರೆ ಬರೆದು ಕೊಡು, ಕಾರಣ ಸರಿಯಾಗಿ ಬರೆ ಎಂದೆ. ಪೆನ್ನು ಹುಡುಕಿದ ಹಾಗೆ ಮಾಡಿ ಸುಮ್ಮನಾದ.

ನೋಟೀಸಿನ ಅವಧಿ ಒಂದು ತಿಂಗಳು ಇದೆ. ಅಷ್ಟರೊಳಗೆ ಮೂರೂ ಆಫೀಸಿಗೆ ಹೊಸ ಗಡಿಯಾರ ಕೂರಿಸಿಯೇ ಹೋಗುತ್ತೇನೆ. ಬೇಡವೆಂದರೂ ಕೂರಿಸುತ್ತೇನೆ.

ಮೇ 12, ಸೋಮವಾರ

ಮಧ್ಯಾಹ್ನ ಗೋವಿಂದ ಅಂಗಡಿಗೆ ಬಂದರು. ಜಗಳಕ್ಕೆ ಬಂದರೇನೋ ಎಂದು ಉಲ್ಲಾಸ ಎದ್ದು ನಿಂತ.

"ಒಂದು ಕೇಳಬೇಕಿತ್ತು ಮೇಡಂ. ಗಾಡಿ ನಮ್ಮನೆ ಮುಟ್ಟೋಕೆ ಎಷ್ಟು ಹೊತ್ತಾಯ್ತು? ಸರಿಯಾದ್ದು."

ಅದು ಲಾಗ್‌ನಲ್ಲಿ ಇರಲಿಲ್ಲ. ಮನೆ ಮುಟ್ಟಿದ್ದಕ್ಕೆ ನಾನು ಬಟನ್ನೇ ಇಟ್ಟಿರಲಿಲ್ಲ. "ಖಾತ್ರಿ ಗೊತ್ತಿಲ್ಲ," ಎಂದೆ. "ರಸ್ತೆ ಲೆಕ್ಕದಲ್ಲಿ ನೀವು ಫೋನ್ ಮಾಡಿ ಮೂವತ್ತೈದು ನಿಮಿಷ ಆಗಿರಬಹುದು."

"ಅಷ್ಟೇಯಾ? ನಮಗೆ ಎರಡು ಗಂಟೆ ಆದ ಹಾಗಾಗಿತ್ತು." ಅವರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. "ಒಂದು ತಿಂಗಳು ಇಸಾಕ್ ಅವರನ್ನ ಬೈದು ಬೈದೇ ಮಲಗ್ತಿದ್ದೆ. ಬೈದ್ರೆ ನಿದ್ದೆ ಬರ್ತಿತ್ತು. ಈಗ ಯಾರೂ ತಡ ಮಾಡಿಲ್ಲ ಅಂತೀರಿ. ಹಾಗಾದ್ರೆ ನಾನು ಯಾರನ್ನ ಬಯ್ಯಲಿ?"

ಎಲ್ಲದಕ್ಕೂ ನನ್ನ ಬಳಿ ಒಂದು ಎದುರುತ್ತರ ಇರುತ್ತದೆ. ಇದಕ್ಕೂ ಇತ್ತು.

"ನನ್ನನ್ನ ಬಯ್ಯಿರಿ," ಎಂದೆ. "ನಿಮಗೆ ಸುಳ್ಳು ಹೇಳಿ, ಸಹಿ ಹಾಕಿದವಳು ನಾನು. ನಾನು ಎಲ್ಲೂ ಹೋಗಲ್ಲ, ಇಲ್ಲೇ ಶಿರಸಿಯಲ್ಲೇ ಇರ್ತೇನೆ. ಎಷ್ಟು ದಿನ ಬೇಕೋ ಅಷ್ಟು ದಿನ ಬಂದು ಬಯ್ಯಿರಿ."

ಅವರು ನನ್ನನ್ನೇ ನೋಡಿದರು. ಬಾಯಿ ತೆರೆದರು, ಬೈಗುಳ ಬರಲಿಲ್ಲ. ನಾನು ಕುರ್ಚಿ ಎಳೆದು ಕೊಟ್ಟೆ. ಕೂತರು, "ಅಪ್ಪಾ" ಎಂದು ಒಂದೇ ಸಲ ಕರೆದು ಜೋರಾಗಿ ಅತ್ತರು. ಉಲ್ಲಾಸ ಸದ್ದು ಮಾಡದೆ ಹೊರಗೆ ಹೋಗಿ ಅಂಗಡಿಯ ಬಾಗಿಲು ಮುಂದೆ ಮಾಡಿ, ಮೆಟ್ಟಿಲ ಮೇಲೆ ಕಾವಲು ಕೂತ. ನಾನು ಅವರ ಪಕ್ಕ ಕೂತಿದ್ದೆ. ಎಷ್ಟು ಹೊತ್ತು ಎಂದು ನೋಡಿಕೊಳ್ಳಲಿಲ್ಲ.